ಬೆನಗಲ್ ನರಸಿಂಗರಾಯರು

ಭಾರತದ ಸಂವಿಧಾನ ರಚನೆಯ ಚರಿತ್ರೆಯಲ್ಲಿ ಬೆನಗಲ್ ನರಸಿಂಗರಾಯರ ಹೆಸರು ಆಗಾಗ ಕೇಳಿಬರುತ್ತದೆ. ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು ಅವರು. ಆದರೆ ಆ ಕಾರ್ಯಕ್ಕೆ ತೊಡಗುವ ಮುನ್ನವೇ ರಾಯರು ಎರಡು ಬಹು ಕಠಿಣವಾದ ವಿವಾದಗಳನ್ನು ವಿಚಾರಣೆ ಮಾಡಿದ್ದರು. ಒಂದು, ರೈಲ್ವೆ ಕೂಲಿಕಾರರ ಅನ್ನದ ಪ್ರಶ್ನೆ. ಇನ್ನೊಂದು, ಎರಡು ಪ್ರಾಂತಗಳ ನಡುವಣ ನೀರಿನ ಪ್ರಶ್ನೆ. ಎರಡರಲ್ಲಿಯೂ ಅವರಿಗೆ ಎದುರಾದ ತೊಡಕು ಒಂದೇ ಬಗೆಯದು. ನ್ಯಾಯವನ್ನು ಅಂಕಿಗಳ ಮೇಲೆ ನಿಲ್ಲಿಸಬೇಕಾಗಿತ್ತು, ಅಂಕಿಗಳೋ ನಿಖರವಾಗಿರಲಿಲ್ಲ. ಗಣಿತವನ್ನು ಓದಿ ನ್ಯಾಯಾಧೀಶರಾದವರೊಬ್ಬರ ಪಾಲಿಗೆ ಇಂಥ ಮೊಕದ್ದಮೆಗಳು ಬಂದುದು ದೇಶದ ಸುದೈವವೆನ್ನಬೇಕು.

ನರಸಿಂಗರಾಯರು 1887ನೆಯ ಇಸವಿ ಫೆಬ್ರವರಿ 26ರಂದು ದಕ್ಷಿಣ ಕನ್ನಡದ ಸುಸಂಸ್ಕೃತ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ರಾಘವೇಂದ್ರರಾಯರು ಹೆಸರಾಂತ ವೈದ್ಯರು. ಈ ಮನೆಯ ಮಕ್ಕಳಲ್ಲಿ ಮೂವರು ದೇಶದ ಸಾರ್ವಜನಿಕ ಜೀವನದಲ್ಲಿ ಎತ್ತರಕ್ಕೇರಿದರು. ರಾಮರಾಯರು ಮುಂದೆ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಕರ್ತರಾಗಿ, ಕಾರ್ಮಿಕರ ಹಿತಚಿಂತಕರಾಗಿ ಹೆಸರು ಪಡೆದು, ಮೊದಲ ಲೋಕಸಭೆಗೆ ದಕ್ಷಿಣ ಕನ್ನಡದಿಂದ ಆರಿಸಿಬಂದರು. ಹಿರಿಯರಾದ ನರಸಿಂಗರಾಯರು ಓದಿದುದು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಸ್ಥಾಪಿಸಿದ ಆ ಶಾಲೆ ಆಗಿನ್ನೂ ಎಳೆಯದು. ಅಲ್ಲಿಂದ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕುಳಿತ ಬಾಲಕನು ಇಡೀ ಮದರಾಸು ಪ್ರಾಂತಕ್ಕೆ ಮೊದಲಿಗನಾಗಿ ತೇರ್ಗಡೆಯಾದನು. ಪ್ರಾಂತದ ಒಂದು ಅಂಚಿನಲ್ಲಿದ್ದ ಊರಿನ ಹುಡುಗನೊಬ್ಬನು ರಾಜಧಾನಿಯ ವಿದ್ಯಾರ್ಥಿಗಳನ್ನೆಲ್ಲ ಹಿಂದಿಕ್ಕಿದುದು ಊರಿಗೆ ಊರೇ ಹಿಗ್ಗುವ ಸಂಗತಿಯಾಗಿತ್ತು.

ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ರಾಯರು ಕಾಲೇಜು ವ್ಯಾಸಂಗಕ್ಕಾಗಿ ಮದರಾಸಿಗೆ ಹೊರಟುದು ಅದಕ್ಕೂ ಮೊದಲೇ. ಅಲ್ಲಿ ಅವರು ಇಂಗ್ಲಿಷ್, ಭೌತಶಾಸ್ತ್ರ ಮತ್ತು ಸಂಸ್ಕೃತ ಈ ಮೂರರಲ್ಲಿಯೂ ಪ್ರಥಮ ದರ್ಜೆಯನ್ನು ಪಡೆದು ಪದವೀಧರರಾದರು. ಅದು ಸಾಲದೆಂಬಂತೆ ಮರುವರ್ಷವೇ ಗಣಿತದಲ್ಲಿಯೂ ಪದವಿ ಗಳಿಸಿದರು. ಬಳಿಕ ವಿದ್ಯಾರ್ಥಿವೇತನವನ್ನು ಪಡೆದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಟ್ರಿನಿಟಿ ಕಾಲೇಜನ್ನು ಸೇರಿದರು. ಜವಾಹರಲಾಲ್ ನೆಹರೂ ಅವರು ಅದೇ ಕಾಲೇಜಿನಲ್ಲಿ ಅವರ ಸಮಕಾಲೀನರಾಗಿದ್ದರು. 1909ರಲ್ಲಿ ಟ್ರೈಪಾಸ್ ಪರೀಕ್ಷೆಯನ್ನು ಮುಗಿಸಿದ ರಾಯರು ಇಂಡಿಯನ್ ಸಿವಿಲ್ ಸರ್ವಿಸಿಗೆ ಆಯ್ಕೆಯಾಗಿ ಬಂಗಾಳ ಪ್ರಾಂತಕ್ಕೆ ನಿಯುಕ್ತರಾದರು. ಗಣಿತಜ್ಞರಾಗಿ ಬಾಳಬಹುದಾಗಿದ್ದವರು ಹೀಗೆ ಕಾನೂನಿನ ದಾರಿ ಹಿಡಿದರು. ಆದರೂ ಗಣಿತವು ಅವರನ್ನು ಬಿಟ್ಟುಹೋಗಲಿಲ್ಲ.

ಬಂಗಾಳದಲ್ಲಿಯೂ ಅಸ್ಸಾಮಿನಲ್ಲಿಯೂ ರಾಯರು ಹಲವು ವರ್ಷ ಸೇವೆ ಸಲ್ಲಿಸಿದರು. ಶಾಸನಗಳ ಕರಡನ್ನು ಬರೆಯುವುದರಲ್ಲಿ ಅವರಿಗೆ ಸಮಾನರಾದವರು ವಿರಳವೆಂಬ ಖ್ಯಾತಿ ಆಗಲೇ ಹಬ್ಬಿತ್ತು. 1935ರ ಭಾರತ ಸರ್ಕಾರದ ಕಾಯಿದೆಯು ಬಂದಾಗ, ದೇಶದ ಹಳೆಯ ಶಾಸನಗಳನ್ನೆಲ್ಲ ಅದಕ್ಕೆ ಹೊಂದುವಂತೆ ತಿದ್ದುವ ಕೆಲಸವನ್ನು ಅವರಿಗೆ ಒಪ್ಪಿಸಲಾಯಿತು. ಆ ಕಾರ್ಯವನ್ನು ಪೂರೈಸಿದುದಕ್ಕಾಗಿ 1938ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಅನಂತರ ಅವರು ಕಲಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು.

1939ರ ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧವು ಆರಂಭವಾಯಿತು. ಯುದ್ಧವು ದೂರದಲ್ಲಿದ್ದರೂ ಅದರ ಬಿಸಿ ಭಾರತದ ಬಡವರ ಅಡಿಗೆಮನೆಗೆ ಬೇಗನೆ ತಟ್ಟಿತು. ಅಕ್ಕಿ, ಜೋಳ, ಬೇಳೆ, ಬಟ್ಟೆ ಇವುಗಳ ಬೆಲೆ ಏರಿತು. ಸಂಬಳ ಮಾತ್ರ ಇದ್ದಲ್ಲಿಯೇ ಇತ್ತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನೌಕರರು ತುಟ್ಟಿಭತ್ಯೆ ಬೇಕೆಂದು ಒತ್ತಾಯಪಡಿಸಿದರು. ಈ ರೈಲ್ವೆಯು ಚಿಕ್ಕದಲ್ಲ. ಮುಂಬಯಿಯಿಂದ ಹೊರಟ ಅದರ ಹಳಿಗಳು ಒಂದು ಕಡೆ ನಾಗಪುರಕ್ಕೂ ಇನ್ನೊಂದು ಕಡೆ ದೆಹಲಿಗೂ ಹೋಗುತ್ತಿದ್ದುವು. ಮತ್ತೊಂದು ಕವಲು ಸೊಲ್ಲಾಪುರ, ಕಲಬುರಗಿ, ವಾಡಿಗಳ ಮಾರ್ಗವಾಗಿ ನಮ್ಮ ರಾಯಚೂರಿನವರೆಗೆ ಬರುತ್ತಿತ್ತು. ಹಳಿ ಕಾಯುವ ಗ್ಯಾಂಗಿನವರು, ಕಲ್ಲಿದ್ದಲು ತುಂಬುವವರು, ಸ್ಟೇಷನ್ನಿನ ಜವಾನರು, ಕಾರ್ಖಾನೆಯ ಕಮ್ಮಾರರು ಹೀಗೆ ಸಾವಿರಾರು ಮಂದಿ ಅದನ್ನೇ ನಂಬಿ ಬಾಳುತ್ತಿದ್ದರು. ನೌಕರರ ಬೇಡಿಕೆಯನ್ನು ಪರಿಶೀಲಿಸಲು ಸರ್ಕಾರವು 1929ರ ಕೈಗಾರಿಕಾ ವಿವಾದಗಳ ಕಾಯಿದೆಗೆ ಅನುಸಾರವಾಗಿ 1940ರಲ್ಲಿ ಒಂದು ವಿಚಾರಣಾ ನ್ಯಾಯಾಲಯವನ್ನು ನೇಮಿಸಿತು. ಅದರ ಅಧ್ಯಕ್ಷತೆ ನರಸಿಂಗರಾಯರದು.

ಪ್ರಶ್ನೆಯು ಕೇಳುವುದಕ್ಕೆ ಸುಲಭವಾಗಿದೆ: ಬದುಕುವ ವೆಚ್ಚ ಎಷ್ಟು ಏರಿದೆ? ಏರಿದಷ್ಟನ್ನು ಕೊಟ್ಟರಾಯಿತಲ್ಲ! ಆದರೆ ಆ ಏರಿಕೆಯನ್ನು ಅಳೆಯುವ ಬಗೆ ಹೇಗೆ? ಒಬ್ಬ ಕೂಲಿಕಾರನ ಸಂಸಾರವನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ಅವನು ಖರ್ಚು ಮಾಡುವ ಪ್ರತಿ ನೂರು ಭಾಗಗಳಲ್ಲಿ 60 ಭಾಗ ಆಹಾರಕ್ಕೆ, 15 ಭಾಗ ಬಾಡಿಗೆಗೆ, 10 ಭಾಗ ಬಟ್ಟೆಗೆ, 10 ಭಾಗ ಸೌದೆ-ಸೀಮೆಎಣ್ಣೆಗಳಿಗೆ, ಉಳಿದ 5 ಭಾಗ ಇತರ ಸಣ್ಣಪುಟ್ಟ ವೆಚ್ಚಗಳಿಗೆ ಹೋಗುತ್ತದೆಂದು ಇಟ್ಟುಕೊಳ್ಳೋಣ. ಆಹಾರದ ಬೆಲೆ ನೂರಕ್ಕೆ 20ರಷ್ಟೂ, ಬಟ್ಟೆ ಮತ್ತು ಸೌದೆಗಳ ಬೆಲೆ ನೂರಕ್ಕೆ 10ರಷ್ಟೂ ಏರಿ, ಉಳಿದುವು ಏರದೆ ನಿಂತಿವೆ. ಆಗ ಹಿಂದಿನ ಬಾಳನ್ನೇ ಬಾಳಲು ಅವನಿಗೆ ಆಹಾರಕ್ಕೆ 72, ಬಾಡಿಗೆಗೆ 15, ಬಟ್ಟೆಗೆ 11, ಸೌದೆಗೆ 11, ಇತರ ವೆಚ್ಚಕ್ಕೆ 5, ಒಟ್ಟು 114 ಭಾಗಗಳು ಬೇಕಾಗುತ್ತವೆ. ಜೀವನವೆಚ್ಚದ ಸೂಚ್ಯಂಕವು ನೂರರಿಂದ 114ಕ್ಕೆ ಏರಿತೆಂದರೆ ಅರ್ಥ ಇಷ್ಟೇ. ಬೆಲೆಗಳ ಸರಾಸರಿಯನ್ನು ಸುಮ್ಮನೆ ತೆಗೆದರೆ ಸಾಲದು; ಯಾವ ವಸ್ತುವಿಗೆ ಸಂಸಾರದಲ್ಲಿ ಎಷ್ಟು ತೂಕವಿದೆಯೋ ಅಷ್ಟು ತೂಕವನ್ನು ಲೆಕ್ಕದಲ್ಲಿಯೂ ಕೊಡಬೇಕು.

ತೊಂದರೆ ಹುಟ್ಟುವುದು ಇಲ್ಲಿಯೇ. ಆ ತೂಕಗಳು ಎಲ್ಲಿಂದ ಬರಬೇಕು? ಸಾವಿರಾರು ಮನೆಗಳ ಖರ್ಚಿನ ವಿವರವನ್ನು ಕೇಳಿ ಬರೆದುಕೊಳ್ಳಬೇಕು. ಎಷ್ಟು ಸೇರು ಜೋಳ ತಂದೆವೆಂಬುದು ಎಲ್ಲರಿಗೂ ನೆನಪಿರುವುದಿಲ್ಲ. ಸಾಲದ ಬಡ್ಡಿಯನ್ನೋ ಹೆಂಡದ ಖರ್ಚನ್ನೋ ಕೆಲವರು ಬಾಯಿಬಿಟ್ಟು ಹೇಳುವುದಿಲ್ಲ. ಮುಂಬಯಿಯಲ್ಲಿ 1921ರಿಂದಲೂ ಕಾರ್ಮಿಕ ಕಚೇರಿಯೊಂದು ಸೂಚ್ಯಂಕವನ್ನು ಪ್ರಕಟಿಸುತ್ತಿತ್ತು. ಅಹಮದಾಬಾದು, ಸೊಲ್ಲಾಪುರ, ನಾಗಪುರದಂಥ ಕೆಲವು ಪಟ್ಟಣಗಳಿಗೂ ಸೂಚ್ಯಂಕಗಳಿದ್ದುವು. ಆದರೆ ಒಂದರ ಆಧಾರ ವರ್ಷ ಇನ್ನೊಂದಕ್ಕಿರಲಿಲ್ಲ. ಒಂದರ ಕ್ರಮ ಮತ್ತೊಂದಕ್ಕೆ ಹೊಂದುತ್ತಿರಲಿಲ್ಲ. ಹಳಿಯುದ್ದಕ್ಕೂ ಹರಡಿದ್ದ ನೂರಾರು ಸಣ್ಣ ಸ್ಟೇಷನ್ನುಗಳ ಪಾಡಂತೂ ಹೇಳುವಂತೆಯೇ ಇರಲಿಲ್ಲ. ಅಲ್ಲಿನ ಸಂಸಾರಗಳ ಲೆಕ್ಕವನ್ನು ಇಟ್ಟವರು ಯಾರು?

ಇಂಥ ಸಂದರ್ಭದಲ್ಲಿ ಎರಡು ತಪ್ಪು ದಾರಿಗಳು ಮನುಷ್ಯನನ್ನು ಸೆಳೆಯುತ್ತವೆ. ಅಂಕಿ ಸರಿಯಾಗಿಲ್ಲ, ಆದ್ದರಿಂದ ಏನನ್ನೂ ಹೇಳಲಾಗದು ಎಂದು ಕೈಚೆಲ್ಲುವುದು ಒಂದು. ಅರೆಬರೆ ಅಂಕಿಯನ್ನೇ ವೇದವಾಕ್ಯವೆಂದು ನಂಬಿ ಕಾಸುಕಾಸಿನ ಲೆಕ್ಕ ಹೇಳುವುದು ಇನ್ನೊಂದು. ಮೇಲಿನ ಉದಾಹರಣೆಗೇ ಮತ್ತೆ ಬರೋಣ. ಆಹಾರದ ಬೆಲೆ ನೂರಕ್ಕೆ ಸರಿಯಾಗಿ 20 ಏರಿದೆಯೆಂದು ಖಚಿತವಾಗಿ ತಿಳಿಯದು. 15ಕ್ಕೂ 25ಕ್ಕೂ ನಡುವೆ ಎಲ್ಲಿಯೋ ಇದೆ ಎಂದಷ್ಟೇ ಗೊತ್ತು. ಆಗ ಸೂಚ್ಯಂಕವು 111ಕ್ಕೂ 117ಕ್ಕೂ ನಡುವೆ ಇರಬೇಕು. ತಿಂಗಳಿಗೆ 30 ರೂಪಾಯಿಗಳನ್ನು ಖರ್ಚು ಮಾಡುತ್ತಿದ್ದ ಸಂಸಾರಕ್ಕೆ ಹೆಚ್ಚಾಗಿ ಬೇಕಾದುದು ಮೂರು ರೂಪಾಯಿಗಿಂತ ತುಸು ಮೇಲೋ ಐದು ರೂಪಾಯಿಗಿಂತ ತುಸು ಮೇಲೋ ಎಂಬುದರಲ್ಲಿ ವಾದವಿರಬಹುದು. ಆದರೆ ಮೂರು ರೂಪಾಯಿಗಿಂತ ಕಡಿಮೆಯಲ್ಲ ಎಂಬುದರಲ್ಲಿ ವಾದವೇ ಇಲ್ಲ. ಅಂಕಿ ಮಸುಕಾಗಿದ್ದರೂ ತೀರ್ಮಾನದ ಒಂದು ಭಾಗ ಹೀಗೆ ಸ್ಪಷ್ಟವಾಗಿಯೇ ಉಳಿಯುತ್ತದೆ. ಮಸುಕಿನ ಎಲ್ಲೆ ಎಲ್ಲಿಗೆ ಮುಗಿಯುತ್ತದೆಂಬುದನ್ನು ಗುರುತಿಸುವುದೇ ಇಲ್ಲಿ ಜಾಣತನ.

ರಾಯರ ನ್ಯಾಯಾಲಯವು ವಾದಗಳನ್ನು ಕೇಳಿ, ದೊರೆತ ಅಂಕಿಗಳನ್ನು ಜಾಲಾಡಿ, ಕಡಿಮೆ ಸಂಬಳದ ನೌಕರರಿಗೆ ತುಟ್ಟಿಭತ್ಯೆ ಸಲ್ಲಬೇಕೆಂದು ಶಿಫಾರಸು ಮಾಡಿತು. ಹೆಚ್ಚು ಸಂಬಳದವನು ಬೆಲೆ ಏರಿದಾಗ ಬೇರೆ ಯಾವುದಾದರೂ ಖರ್ಚನ್ನು ಕಡಿತಗೊಳಿಸಿಯಾನು. ಹೊಟ್ಟೆಗೇ ಎಲ್ಲವನ್ನೂ ಹಾಕುತ್ತಿರುವವನು ಕಡಿತಗೊಳಿಸುವುದು ಏನನ್ನು? ದೊಡ್ಡ ನಗರಕ್ಕೂ ಹಳ್ಳಿಗಾಡಿಗೂ ಬದುಕುವ ವೆಚ್ಚದಲ್ಲಿ ಇರುವ ಅಂತರವನ್ನು ಸಹ ನ್ಯಾಯಾಲಯವು ಗಣನೆಗೆ ತೆಗೆದುಕೊಂಡಿತು. ಇದಕ್ಕಿಂತಲೂ ದೂರಗಾಮಿಯಾದುದು ಅದರ ಮತ್ತೊಂದು ಶಿಫಾರಸು. ಜೀವನವೆಚ್ಚದ ಸೂಚ್ಯಂಕಗಳನ್ನು ದೇಶದಾದ್ಯಂತ ಒಂದೇ ಕ್ರಮದಲ್ಲಿ ಸಿದ್ಧಪಡಿಸುವ ಏರ್ಪಾಡು ಇರಬೇಕೆಂದು ಅದು ಸೂಚಿಸಿತು. ಕೈಯಲ್ಲಿದ್ದ ವಿವಾದವನ್ನು ಇತ್ಯರ್ಥಪಡಿಸಿ ಸುಮ್ಮನಾಗಬಹುದಾಗಿತ್ತು. ಮುಂದಿನ ವಿವಾದಗಳಿಗೆ ಬೇಕಾಗುವ ಅಳತೆಗೋಲನ್ನೂ ಮಾಡಿಸಬೇಕೆಂಬ ದೂರದೃಷ್ಟಿ ಗಣಿತದ ಪರಿಚಯವುಳ್ಳವರಿಗೇ ಬಂದೀತು. ಆ ಶಿಫಾರಸಿನ ಫಲವಾಗಿ 1941ರಲ್ಲಿ ಸಿಮ್ಲಾದಲ್ಲಿ ಜೀವನವೆಚ್ಚದ ನಿರ್ದೇಶನಾಲಯವು ಸ್ಥಾಪನೆಯಾಯಿತು. 1943ರಿಂದ 1946ರವರೆಗೆ ಅನೇಕ ಕೈಗಾರಿಕಾ ಪಟ್ಟಣಗಳಲ್ಲಿ ಕಾರ್ಮಿಕರ ಮನೆವೆಚ್ಚದ ಸಮೀಕ್ಷೆಗಳು ನಡೆದುವು. 1946ರ ಅಕ್ಟೋಬರಿನಲ್ಲಿ ಈ ನಿರ್ದೇಶನಾಲಯವೇ ಬೆಳೆದು ಲೇಬರ್ ಬ್ಯೂರೋ ಎಂಬ ಸಂಸ್ಥೆಯಾಯಿತು.

ರೈಲ್ವೆಯಂಥ ಸಂಸ್ಥೆಯ ದಕ್ಷತೆಯನ್ನು ಅಳೆಯುವ ಪ್ರಶ್ನೆಯೂ ಇದಕ್ಕೆ ಹತ್ತಿರದ್ದೇ. ಕೂಲಿಯನ್ನು ಏರಿಸದೆ ಉಳಿಸಿದ ಹಣವು ಲೆಕ್ಕದ ಪುಸ್ತಕದಲ್ಲಿ ದಕ್ಷತೆಯಂತೆ ಕಾಣುತ್ತದೆ. ಹಸಿದ ಕೆಲಸಗಾರನ ಕುಂದಿದ ಶಕ್ತಿಯನ್ನು ಆ ಪುಸ್ತಕದಲ್ಲಿ ಬರೆಯುವ ಕಲಮು ಇಲ್ಲ. ರಾಯರ ಕಾಲದ ನಂತರ ಗಣಿತಜ್ಞರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ರಾಯರು ಓದಿದ ಕೇಂಬ್ರಿಜಿನಲ್ಲಿಯೇ ಫ್ಯಾರೆಲ್ ಎಂಬ ಅರ್ಥಶಾಸ್ತ್ರಜ್ಞರು 1957ರಲ್ಲಿ ದಕ್ಷತೆಯನ್ನು ಅಳೆಯುವ ಒಂದು ಹೊಸ ಮಾರ್ಗವನ್ನು ತೋರಿಸಿದರು; 1978ರಲ್ಲಿ ಅಮೆರಿಕದ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ಎಂಬುವರು ಅದನ್ನು ಬೆಳೆಸಿದರು. ಒಂದೇ ಬಗೆಯ ಕೆಲಸ ಮಾಡುವ ಹಲವು ಕಚೇರಿಗಳನ್ನು ಒಂದರೊಡನೊಂದು ಹೋಲಿಸುವುದು ಅದರ ತಿರುಳು. ಪ್ರತಿಯೊಂದು ಕಚೇರಿಯೂ ತನಗೆ ಅನುಕೂಲವಾದ ತೂಕಗಳನ್ನೇ ಆರಿಸಿಕೊಳ್ಳಬಹುದು. ಹಾಗೆ ಆರಿಸಿಕೊಂಡ ಮೇಲೂ ಇತರ ಕಚೇರಿಗಳಿಗಿಂತ ಹಿಂದೆ ಬಿದ್ದರೆ ಅದು ನಿಜವಾಗಿಯೂ ಹಿಂದಿದೆ ಎಂದಾಗುತ್ತದೆ. ಪ್ರತಿಯೊಬ್ಬ ಕಕ್ಷಿಯ ಪ್ರಬಲವಾದ ವಾದವನ್ನೂ ಪೂರ್ತಿಯಾಗಿ ಕೇಳಿ ಆಮೇಲೆ ತೀರ್ಪು ಕೊಡುವ ನ್ಯಾಯಾಧೀಶನ ಕ್ರಮವೂ ಇದೇ ಅಲ್ಲವೆ? ಅಂಕಿಗಳು ನಿಖರವಾಗಿಲ್ಲದಿದ್ದಾಗ ಈ ಲೆಕ್ಕವನ್ನು ಹೇಗೆ ಮಾಡಬೇಕೆಂಬುದನ್ನು 1999ರಲ್ಲಿ ಕೂಪರರೂ ಅವರ ಸಂಗಡಿಗರೂ ವಿವರಿಸಿದರು. ಅಷ್ಟೇ ಸಿಬ್ಬಂದಿಯುಳ್ಳ ಎರಡು ಅಂಚೆ ಕಚೇರಿಗಳಲ್ಲಿ ಒಂದು ದಿನಕ್ಕೆ 900ರಿಂದ 1000 ಕಾಗದಗಳನ್ನೂ, ಇನ್ನೊಂದು 700ರಿಂದ 800 ಕಾಗದಗಳನ್ನೂ ಬಟವಾಡೆ ಮಾಡುತ್ತದೆಂದರೆ, ಸರಿಯಾದ ಸಂಖ್ಯೆ ತಿಳಿಯದಿದ್ದರೂ ಆ ಕೆಲಸದಲ್ಲಿ ಮೊದಲನೆಯದೇ ಮುಂದೆ. ಎರಡನೆಯದರ ಸಂಖ್ಯೆ 850ರಿಂದ 950 ಎಂದಿದ್ದರೆ ಹಾಗೆ ಹೇಳುವಂತಿಲ್ಲ. ಹೇಳುವಂತಿಲ್ಲವೆಂಬುದನ್ನು ಲೆಕ್ಕವೇ ತೋರಿಸಿಕೊಡುತ್ತದೆ.

ರೈಲ್ವೆಯ ವಿಚಾರಣೆ ಮುಗಿದ ಮರುವರ್ಷವೇ ರಾಯರಿಗೆ ಇನ್ನೂ ಜಟಿಲವಾದ ಹೊಣೆ ಬಂದಿತು. ಸಿಂಧೂ ನದಿಯೂ ಅದರ ಉಪನದಿಗಳೂ ಪಂಜಾಬದಲ್ಲಿ ಹರಿದು ಕೆಳಗಣ ಸಿಂಧ್ ಪ್ರಾಂತಕ್ಕೆ ಹೋಗುತ್ತವೆ. ಸಟ್ಲೆಜ್ ನದಿಗೆ ಭಾಕ್ರಾ ಎಂಬಲ್ಲಿ ಅಣೆಕಟ್ಟನ್ನು ಕಟ್ಟುವುದೇ ಮೊದಲಾದ ಯೋಜನೆಗಳನ್ನು ಪಂಜಾಬವು ಹಾಕಿಕೊಂಡಿತ್ತು. ಹಾಗಾದರೆ ತನ್ನ ಹೊಲಗಳು ಒಣಗುವುವೆಂದು ಸಿಂಧ್ ಪ್ರಾಂತವು 1939ರಲ್ಲಿ ದೂರು ಕೊಟ್ಟಿತು. 1941ರ ಸೆಪ್ಟೆಂಬರಿನಲ್ಲಿ ಸರ್ಕಾರವು ನೇಮಿಸಿದ ಸಿಂಧೂ ಆಯೋಗಕ್ಕೆ ರಾಯರು ಅಧ್ಯಕ್ಷರಾದರು. ಅವರೊಡನೆ ಇಬ್ಬರು ಅನುಭವಶಾಲಿ ಎಂಜಿನಿಯರರು ಸದಸ್ಯರಾಗಿದ್ದರು.

ನದಿಯ ನೀರನ್ನು ಯಾರೂ ಕೊಳಗದಿಂದ ಅಳೆಯಲಾರರು. ದಡದಲ್ಲಿ ನೆಟ್ಟ ಅಳತೆಪಟ್ಟಿಯಲ್ಲಿ ನೀರಿನ ಮಟ್ಟವನ್ನು ಓದಿ, ಅದರಿಂದ ಹರಿವನ್ನು ಲೆಕ್ಕಹಾಕುತ್ತಾರೆ. ಆದರೆ ಸಿಂಧೂವಿನಂಥ ನದಿಯಲ್ಲಿ ಪ್ರತಿ ಪ್ರವಾಹದಲ್ಲಿಯೂ ಮರಳು ಕೊಚ್ಚಿಹೋಗುತ್ತದೆ, ಹೊಸ ಮರಳು ಬಂದು ತುಂಬುತ್ತದೆ. ತಳವು ಒಂದೇ ತೆರನಾಗಿ ಉಳಿಯುವುದಿಲ್ಲ. ಕಳೆದ ವರ್ಷದ ಮಟ್ಟವೇ ಈ ವರ್ಷವೂ ಕಂಡರೆ ಅಷ್ಟೇ ನೀರು ಹರಿಯಿತೆಂದು ಹೇಳಲಾಗದು. ದಾರಿಯಲ್ಲಿ ಒಂದಷ್ಟು ನೀರು ನೆಲಕ್ಕೆ ಇಂಗುತ್ತದೆ, ಒಂದಷ್ಟು ಬಿಸಿಲಿಗೆ ಆರುತ್ತದೆ, ಕೆಲವೆಡೆ ನೆಲದಿಂದ ಮತ್ತೆ ಒಸರಿ ಹೊಳೆಗೆ ಸೇರುತ್ತದೆ. ಮೇಲೆ ತೆಗೆದ ನೀರಿನಿಂದ ಕೆಳಗೆ ಎಷ್ಟು ಮಟ್ಟ ಇಳಿದೀತೆಂಬುದನ್ನು ಹೇಳಬೇಕಾದರೆ ಇವೆಲ್ಲವನ್ನೂ ಊಹಿಸಬೇಕು.

ಸಿಂಧ್ ಪ್ರಾಂತದ ಅನೇಕ ಕಾಲುವೆಗಳಿಗೆ ಅಣೆಕಟ್ಟಿನ ಆಸರೆಯಿರಲಿಲ್ಲ. ಸುಕ್ಕೂರಿನಲ್ಲಿ 1932ರಲ್ಲಿ ತೆರೆದ ದೊಡ್ಡ ಬ್ಯಾರೇಜಿನ ವ್ಯಾಪ್ತಿಗೆ ಅವು ಸೇರಿದುವಲ್ಲ. ಬೇಸಗೆಯ ಪ್ರವಾಹದಲ್ಲಿ ನದಿಯು ತಾನಾಗಿ ಏರಿದರೆ ಅವುಗಳಿಗೆ ನೀರು, ಏರದಿದ್ದರೆ ಇಲ್ಲ. ವರ್ಷದ ಒಟ್ಟು ನೀರನ್ನು ನೋಡಿದರೆ ಪಂಜಾಬವು ತೆಗೆಯುವ ಪಾಲು ದೊಡ್ಡದಾಗಿ ತೋರದಿರಬಹುದು. ಆದರೆ ರೈತನ ಪೈರು ವರ್ಷದ ಸರಾಸರಿಯನ್ನು ಕುಡಿದು ಬದುಕುವುದಿಲ್ಲ. ಪ್ರವಾಹ ಇಳಿಯುವ ಸೆಪ್ಟೆಂಬರ್ ತಿಂಗಳಿನಲ್ಲಿ, ಫಸಲಿಗೆ ಕೊನೆಯ ನೀರು ಬೇಕಾದಾಗಲೇ ಈ ಕಾಲುವೆಗಳಿಗೆ ವಿಶೇಷವಾದ ಹಾನಿಯಾಗುವುದೆಂದು ಆಯೋಗವು ಕಂಡುಕೊಂಡಿತು. 1942ರಲ್ಲಿ ಒಪ್ಪಿಸಿದ ವರದಿಯಲ್ಲಿ, ಸಿಂಧ್ ಪ್ರಾಂತದಲ್ಲಿ ಇನ್ನೆರಡು ಬ್ಯಾರೇಜುಗಳನ್ನು ಕಟ್ಟಬೇಕೆಂದೂ ಅವುಗಳ ವೆಚ್ಚದಲ್ಲಿ ಪಂಜಾಬವು ಒಂದು ಪಾಲನ್ನು ಭರಿಸಬೇಕೆಂದೂ ಅದು ಸಲಹೆ ಮಾಡಿತು. ಇಂಥ ವಿವಾದಗಳಿಗೆ ಪರಸ್ಪರ ಒಪ್ಪಂದವೇ ಎಲ್ಲಕ್ಕಿಂತ ಉತ್ತಮ ಪರಿಹಾರ. ಒಪ್ಪಂದವಾಗದಿದ್ದರೆ ನದಿಯನ್ನು ಅವಲಂಬಿಸಿದ ಪ್ರಾಂತಗಳಿಗೆಲ್ಲ ನ್ಯಾಯೋಚಿತವಾದ ಪಾಲು ಸಿಗಬೇಕು ಎಂಬುದು ಆಯೋಗದ ನಿಲುವು. ಎರಡು ಪ್ರಾಂತಗಳೂ ವರದಿಯನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಮೇಲ್ಮನವಿಗಳು ಹೋದುವು, ಮಾತುಕತೆಗಳು ನಡೆದುವು. ಅಷ್ಟರಲ್ಲಿ ದೇಶವಿಭಜನೆಯಾಗಿ ನದಿಯೇ ಎರಡು ರಾಷ್ಟ್ರಗಳ ಪಾಲಾಯಿತು. ಆದರೂ ನದಿನೀರಿನ ಹಂಚಿಕೆಯ ಚರ್ಚೆ ಬಂದಲ್ಲೆಲ್ಲ ರಾಯರ ಆಯೋಗದ ವರದಿಯನ್ನು ನ್ಯಾಯವಾದಿಗಳು ಇಂದಿಗೂ ನೆನೆಯುತ್ತಾರೆ.

1941ರಲ್ಲಿಯೇ ಹಿಂದೂ ಕಾನೂನಿನ ಸುಧಾರಣೆಗಾಗಿ ನೇಮಕವಾದ ಸಮಿತಿಗೂ ರಾಯರು ಅಧ್ಯಕ್ಷರಾಗಿದ್ದರು. 1944ರಲ್ಲಿ ನಿವೃತ್ತರಾದ ಬಳಿಕ ಸ್ವಲ್ಪ ಕಾಲ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾಗಿ ಕೆಲಸ ಮಾಡಿದರು. 1946ರಲ್ಲಿ ಅವರು ಸಂವಿಧಾನ ಸಭೆಯ ಸಲಹೆಗಾರರಾದರು. ಈ ಹುದ್ದೆಗೆ ಅವರು ಸಂಬಳವನ್ನು ಸ್ವೀಕರಿಸಲಿಲ್ಲ. ಅನೇಕ ದೇಶಗಳ ಸಂವಿಧಾನಗಳನ್ನು ಹೋಲಿಸಿ ಸದಸ್ಯರಿಗೆ ಟಿಪ್ಪಣಿಗಳನ್ನು ಒದಗಿಸಿದರು. 1947ರ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಗೊಳಿಸಿದರು. ಅಮೆರಿಕ, ಕೆನಡ, ಐರ್ಲೆಂಡ್, ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿನ ನ್ಯಾಯವೇತ್ತರೊಡನೆ ಸಮಾಲೋಚಿಸಿದರು. ಡಾಕ್ಟರ್ ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿಯು ಆ ಕರಡನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸಿ ಪರಿಷ್ಕರಿಸಿತು. 1949ರ ನವೆಂಬರ್ 25ರಂದು ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರರು ತಮಗೆ ಸಂದ ಕೀರ್ತಿಯಲ್ಲಿ ರಾಯರಿಗೂ ಪಾಲಿದೆಯೆಂದು ಮುಕ್ತಕಂಠದಿಂದ ಒಪ್ಪಿಕೊಂಡರು. ನೆರೆಯ ಬರ್ಮಾ ದೇಶದ ಸಂವಿಧಾನ ರಚನೆಯಲ್ಲಿಯೂ ರಾಯರ ನೆರವಿತ್ತು.

ಅನಂತರ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1950ರ ಜೂನ್ ತಿಂಗಳಿನಲ್ಲಿ ಕೊರಿಯ ಯುದ್ಧವು ಸಿಡಿದಾಗ ಭದ್ರತಾ ಸಮಿತಿಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಆದರೆ ಆ ಪೀಠದಲ್ಲಿ ಅವರು ಹೆಚ್ಚು ಕಾಲ ಇರಲಾಗಲಿಲ್ಲ. 1953ರ ನವೆಂಬರ್ 30ರಂದು ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಶಿಫಾರಸಿನಿಂದ ಹುಟ್ಟಿದ ಸಂಸ್ಥೆಯು ಕೈಗಾರಿಕಾ ಕಾರ್ಮಿಕರ ಸೂಚ್ಯಂಕವನ್ನು ಕಾಲಕಾಲಕ್ಕೆ ತಿದ್ದುತ್ತ ಬಂದಿದೆ. 1949, 1960, 1982, 2001, ಹೀಗೆ ಆಧಾರ ವರ್ಷಗಳು ಬದಲಾದುವು. 2016ನ್ನು ಆಧಾರವಾಗಿಟ್ಟುಕೊಂಡ ಶ್ರೇಣಿಯು 2020ರಲ್ಲಿ ಹೊರಬಿದ್ದಿತು. ಅದಕ್ಕಾಗಿ ದೇಶದ 88 ಕೇಂದ್ರಗಳ ಅಂಗಡಿಗಳಲ್ಲಿ ಅಕ್ಕಿ, ಬೇಳೆ, ಎಣ್ಣೆ, ಬಟ್ಟೆಗಳ ಬೆಲೆಯನ್ನು ಕೇಳಿ ಬರೆದುಕೊಳ್ಳಲಾಯಿತು. ಸರ್ಕಾರಿ ನೌಕರರ ಮತ್ತು ಕಾರ್ಖಾನೆಯ ಕೆಲಸಗಾರರ ತುಟ್ಟಿಭತ್ಯೆಯನ್ನು ನಿರ್ಧರಿಸುವಾಗ ಲೆಕ್ಕಿಗರು ಆಧಾರವಾಗಿ ಹಿಡಿದುದು ಈ ಸೂಚ್ಯಂಕವನ್ನೇ.